ಸಾಲಿನ ನಡುವಿನ ಬಸವ

ಬಸವನನ್ನು ಮೊದಲು ಎತ್ತಿಸಬೇಕೋ ಕೊನೆಗೆ ಎತ್ತಿಸಬೇಕೋ ಎಂಬುದು ಚಂದ್ರಯ್ಯನಿಗೆ ಬೆಳಗಿನಿಂದ ತೀರ್ಮಾನವಾಗಿರಲಿಲ್ಲ. ಶಿವಪೂಜೆಗೆ ಕೂತಾಗಲೂ ಅದೇ ಯೋಚನೆ. ಲಿಂಗ ಅಂಗೈ ಮೇಲಿತ್ತು. ಕಣ್ಣು ಮಾತ್ರ ಬಾಗಿಲಾಚೆಯ ಪಡಸಾಲೆಗೆ ಹೋಗಿ ಅಲ್ಲಿ ಸಾಲಾಗಿ ನಿಂತಿದ್ದ ಕಲ್ಲಿನ ಮೂರ್ತಿಗಳ ಮೇಲೆ ಕೂರುತ್ತಿತ್ತು. ಬಸವನನ್ನು ಮೊದಲೇ ತೆಗೆದರೆ ಉಳಿದವೆಲ್ಲ ದಿಕ್ಕಿಲ್ಲದವರಂತೆ ಕಾಣುತ್ತವೆ, ಅದನ್ನು ನೋಡಲಾರ. ಕೊನೆಗೆ ತೆಗೆದರೆ ಖಾಲಿ ಪಡಸಾಲೆಯಲ್ಲಿ ಅವನೊಬ್ಬನೇ ಮುರಿದ ಮೂತಿ ಹೊತ್ತು ಕೂತಿರುತ್ತಾನೆ, ಅದೂ ಆಗದು. ಹೊರಗೆ ಜಗಲಿಯ ಮೇಲೆ ಅವನ ಕೊಬ್ಬರಿ ಮಂಡಿಯ ಆಳುಗಳಾದ ದ್ಯಾವಯ್ಯ ಮತ್ತು ಸಣ್ಣಯ್ಯ ಹಗ್ಗ, ಬಿದಿರು, ಗೋಣಿಚೀಲಗಳನ್ನು ಪಕ್ಕದಲ್ಲಿಟ್ಟುಕೊಂಡು ಎಲೆಅಡಿಕೆ ಹಾಕುತ್ತ ಕಾಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನುಗ್ಗೇಹಳ್ಳಿಯಿಂದ ಗಾಡಿ ಬರುತ್ತದೆ. ಅದರಲ್ಲಿ ತವರಿಗೆ ಹೆರಿಗೆಗೆ ಹೋಗಿದ್ದ ಹೆಂಡತಿ ಗಂಗಾಂಬಿಕೆ, ಅವಳ ಮಡಿಲಲ್ಲಿ ಮೂರನೇ ತಿಂಗಳಿಗೆ ಬಿದ್ದ ಹೆಣ್ಣುಮಗು. ಅಷ್ಟರೊಳಗೆ ಈ ಪಡಸಾಲೆಯಲ್ಲಿ ಒಂದು ಕಲ್ಲೂ ಇರಕೂಡದು. ಯಾಕೆಂದರೆ ಅವೆಲ್ಲ ಹೋದ ತಿಂಗಳೇ ಕೆರೆ ಸೇರಿವೆ ಎಂದು ಅವನು ಹೆಂಡತಿಗೆ ಲಿಂಗ ಮುಟ್ಟಿ ಹೇಳಿ ಬಂದಿದ್ದ.

ಹಾಗೆಂದು ಚಂದ್ರಯ್ಯ ಸುಳ್ಳುಗಾರನೇನಲ್ಲ. ಚನ್ನರಾಯಪಟ್ಟಣದ ಮಂಡಿಗಳಲ್ಲಿ ಅವನ ತೂಕಕ್ಕೆ ಒಳ್ಳೆಯ ಹೆಸರಿತ್ತು. ಅವನು ಹಾಗೆ ಹೇಳಿದ್ದು ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ. ಪ್ರೇಮಕುಮಾರಿ ಎಂದು ಅವನೇ ಆರಿಸಿದ ಹೆಸರು. ಬಾಯಿ ತುಂಬ ಇದೆಯಲ್ಲಪ್ಪ ಎಂದು ಅತ್ತೆ ನಕ್ಕಿದ್ದರು. ಬಂದವರೆಲ್ಲ ಊಟಕ್ಕೆ ಕೂತ ಮೇಲೆ ಅವನು ಬಾಣಂತಿ ಕೋಣೆಯ ಹೊಸ್ತಿಲ ಬಳಿ ಹೋಗಿ ನಿಂತ. ಒಳಗೆ ಬೆಳ್ಳುಳ್ಳಿಯ ವಾಸನೆ, ಸಾಂಬ್ರಾಣಿಯ ಹೊಗೆ. ಅಯ್ಯನವರು ಕಟ್ಟಿಸಿದ ಪುಟ್ಟ ಲಿಂಗ ಬಟ್ಟೆಯ ಗಂಟಿನಲ್ಲಿ ತೊಟ್ಟಿಲಿಗೆ ತೂಗುತ್ತಿತ್ತು. ಗಂಗಾಂಬಿಕೆ ಗೋಡೆಯ ಕಡೆ ತಿರುಗಿ ಮಲಗಿದ್ದವಳು, ತಿರುಗದೆಯೇ, ಕಲ್ಲುಗಳೆಲ್ಲ ಹೋದವೇ ಎಂದು ಕೇಳಿದಳು. ನಾಳೆಯೇ ಎತ್ತಿಸಿಬಿಡುತ್ತೇನೆ ಎನ್ನುವುದು ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮಾತನ್ನು ಅವಳು ಈ ಹಿಂದೆಯೂ ಕೇಳಿದ್ದಳು. ಹೋದವು ಎಂದ. ಆಣೆ ಇಡಿ ಎಂದಳು. ನಾಳೆ ಮಾಡುವುದನ್ನು ಇವತ್ತು ಮಾಡಿದೆ ಎಂದರೆ ಎಷ್ಟು ಮಹಾ ಸುಳ್ಳು ಎಂದುಕೊಂಡು, ಅಂಗಿಯ ಮೇಲಿಂದಲೇ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿದ. ಬೆಳ್ಳಿ ತಣ್ಣಗಿತ್ತು. ಅವಳು ಆಗ ಈ ಕಡೆ ತಿರುಗಿದಳು, ಅವನನ್ನು ನೋಡಿದಳು, ಎಷ್ಟೋ ವರ್ಷಗಳ ಮೇಲೆ ನಕ್ಕಳು. ಆ ನಗು ನೋಡಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಊರಿಗೆ ಬಂದ ಮೇಲೆ ಒಂದು ದಿನ ಮಂಡಿಯಲ್ಲಿ ಕೆಲಸ, ಇನ್ನೊಂದು ದಿನ ಅಮಾವಾಸ್ಯೆ, ಮತ್ತೊಂದು ದಿನ ದ್ಯಾವಯ್ಯನಿಗೆ ಜ್ವರ. ಹೀಗೆ ತಿಂಗಳು ಕಳೆಯಿತು. ಯಾರೂ ನೋಡದಿರಲೆಂದು ಬೀದಿಯ ಬಾಗಿಲನ್ನು ಹಾಕಿಯೇ ಇಡುತ್ತಿದ್ದ. ಅಡಿಗೆಗೆ ಬರುವ ಮುದುಕಿಗೂ ಹಿತ್ತಲ ದಾರಿ. ಭಾವಮೈದ ರುದ್ರಯ್ಯ ಒಮ್ಮೆ ಸಂತೆಗೆ ಬಂದಾಗ ಅವನನ್ನು ಮಂಡಿಯಲ್ಲೇ ಕೂರಿಸಿ, ಹೋಟೆಲಿನಿಂದ ತಿಂಡಿ ತರಿಸಿ ಕೊಟ್ಟು ಸಾಗಹಾಕಿದ್ದ. ಹೆಂಡತಿಯ ತಮ್ಮನಿಗೆ ಮನೆಗೆ ಬಾ ಅನ್ನದವನು ಎಂಥ ಮನುಷ್ಯ ಎಂದು ಆಮೇಲೆ ತಕ್ಕಡಿಯ ಮುಂದೆ ಕೂತು ಎಷ್ಟೋ ಹೊತ್ತು ಕೊರಗಿದ.

ಕೊರಗುವುದೇನೋ ಅವನಿಗೆ ಚೆನ್ನಾಗಿ ಬರುತ್ತಿತ್ತು. ಬಾರದಿದ್ದದ್ದು ಕಲ್ಲುಗಳನ್ನು ಬಿಡುವುದು. ಅವು ಬಂದದ್ದಾದರೂ ಹೇಗೆ ಎಂದು ಯೋಚಿಸಿದರೆ ಮೈಸೂರಿನ ಒಂದು ಬಂಗಲೆಯ ವರಾಂಡ ಕಣ್ಣ ಮುಂದೆ ಬರುತ್ತದೆ. ಮದುವೆಯಾದ ಹೊಸದು. ಯಾರೋ ಪರಿಚಯದವರ ಮಾತು ಹಿಡಿದು, ಪೆನ್ಷನ್ ಆದ ಇಂಜಿನಿಯರೊಬ್ಬರಿಗೆ ಒಳ್ಳೆಯ ಕೊಬ್ಬರಿ ತಲುಪಿಸಲು ಹೋಗಿದ್ದ. ಜವಾನ ಅವನನ್ನು ವರಾಂಡದಲ್ಲೇ ನಿಲ್ಲಿಸಿ ಲೋಟದಲ್ಲಿ ನೀರು ತಂದುಕೊಟ್ಟ. ಕೂರು ಅನ್ನಲಿಲ್ಲ. ತೆರೆದ ಬಾಗಿಲಿನೊಳಗೆ ಬಿಳಿಯ ಗೋಡೆ, ಗೋಡೆಗೆ ಒಂದು ಕಲ್ಲಿನ ಹೆಣ್ಣು, ಕೈ ಮುರಿದವಳು. ಮೇಲಿನ ಯಾವುದೋ ಕಿಂಡಿಯಿಂದ ಬೆಳಕು ಅವಳ ಕೆನ್ನೆಗೂ ಭುಜಕ್ಕೂ ಬೀಳುತ್ತಿತ್ತು. ಸುತ್ತ ಏನೂ ಇಲ್ಲ, ಒಂದು ಕುರ್ಚಿ ಕೂಡ. ಇಂಥ ಕಲ್ಲು ತಮ್ಮ ಸೀಮೆಯಲ್ಲಿ ಬೇಲಿಗೊಂದು ಬಿದ್ದಿರುತ್ತದೆ. ದನ ಮೈ ಉಜ್ಜಿಕೊಳ್ಳುತ್ತವೆ. ಇಲ್ಲಿ ಅದು ಯಜಮಾನಿಯ ಹಾಗೆ ಒಳಗೆ ನಿಂತಿದೆ, ತಾನು ಹೊರಗೆ ನಿಂತಿದ್ದೇನೆ ಎನ್ನಿಸಿತು. ಒಳಗೆ ಬಾ ಎನ್ನುತ್ತಾರೆಂದು ಕಾದ. ಜವಾನ ಮೂಟೆ ತೂಗಿಸಿಕೊಂಡು ಬಾಗಿಲು ಹಾಕಿದ. ಅವಮಾನ ಅನ್ನಿಸಿದ್ದು ಊರಿಗೆ ಬಂದು ಎರಡು ದಿನವಾದ ಮೇಲೆ. ಅಷ್ಟರಲ್ಲಿ ಆಸೆಯೂ ಹುಟ್ಟಿಯಾಗಿತ್ತು. ಯಾವುದು ಅವಮಾನ, ಯಾವುದು ಆಸೆ ಎಂದು ಬೇರೆ ಮಾಡಿ ನೋಡಲು ಅವನಿಗೆ ಇವತ್ತಿಗೂ ಆಗಿಲ್ಲ.

ಕೇಳಿದರೆ ಯಾರೂ ಇಲ್ಲವೆನ್ನಲಿಲ್ಲ. ಮುಕ್ಕಾದ ಮೂರ್ತಿಯನ್ನು ಮನೆಯಲ್ಲಿ ಇಡಬಾರದು, ನೀರಿಗೆ ಬಿಡಬೇಕು ಎನ್ನುವ ಜನ. ಬಿಡಲು ಪುರಸೊತ್ತಿಲ್ಲದೆ ಬೇಲಿಗೋ ಬಾವಿಕಟ್ಟೆಗೋ ಸೇರಿಸಿದ್ದನ್ನು ಒಯ್ಯುತ್ತೇನೆಂದರೆ ತಾವೇ ಕೈಜೋಡಿಸಿ ಗಾಡಿಗೆ ಹೇರಿದರು. ಜಿನನಾಥಪುರದ ಆಚೆಯ ಹೊಲವೊಂದರಿಂದ ಮಡಿಲ ಮಗುವನ್ನು ಕಳೆದುಕೊಂಡ ಯಕ್ಷಿ ಬಂದಳು. ಬಟ್ಟೆ ಒಗೆಯುವ ಕಲ್ಲಾಗಿ ಬೋರಲು ಬಿದ್ದಿದ್ದವಳನ್ನು ತಿರುಗಿಸಿದರೆ ಮದ್ದಳೆಯವಳು. ಕಾಲಿಲ್ಲದ ಇಬ್ಬರು ಕುಣಿಯುವವರು, ತಲೆಯಿಲ್ಲದ ಒಬ್ಬ ವೀರ. ಕೊನೆಗೆ, ಮಾವನ ಊರಿನ ದಾರಿಯಲ್ಲಿ, ಹೊಲ ಉಳುವಾಗ ನೇಗಿಲಿಗೆ ಸಿಕ್ಕಿದ ಬಸವ. ಮೂತಿಯೂ ಒಂದು ಕಿವಿಯೂ ಹೋಗಿದ್ದವು. ಆದರೆ ಕೊರಳ ಗಂಟೆಸರ ನಿನ್ನೆ ಕೆತ್ತಿದ ಹಾಗಿತ್ತು. ನಮ್ಮಂಥವರು ಕಲ್ಲಿಗೆ ಯಾಕೆ ಹೆದರಬೇಕು, ನಮ್ಮ ದೇವರು ನಮ್ಮ ಕೊರಳಲ್ಲೇ ಇದ್ದಾನೆ, ಉಳಿದದ್ದೆಲ್ಲ ಬರೀ ಕಲ್ಲು ಎಂದು ಚಂದ್ರಯ್ಯ ಎಲ್ಲರೆದುರು ಹೇಳುತ್ತಿದ್ದ. ಹೇಳಿ ಹೇಳಿ ಅದು ಅವನಿಗೆ ಒಂದು ಹೆಮ್ಮೆಯೇ ಆಗಿತ್ತು. ಕೊರಳಲ್ಲಿರೋದೂ ಕಲ್ಲೇ ಅಲ್ಲವೇ ಎಂದು ಗಂಗಾಂಬಿಕೆ ಒಮ್ಮೆ ರಾಗಿ ಬೀಸುತ್ತ ಕೇಳಿದಾಗ, ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಎದ್ದು ಹೋಗಿದ್ದ.

ಪಡಸಾಲೆಯ ಗೋಡೆಗೆ ನೀಲಿ ಬೆರೆಸಿ ಸುಣ್ಣ ಹೊಡೆಸಿದ. ಕೊಬ್ಬರಿ ಮೂಟೆಗಳನ್ನು ಹಿತ್ತಲಿಗೆ ಸಾಗಿಸಿದ. ಮಾಡಿನಲ್ಲಿ ನಾಲ್ಕು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದ. ಮೂರ್ತಿಗಳು ಒಂದೊಂದಕ್ಕೂ ಎತ್ತರ ಬೇರೆ, ಮುಖ ಬೇರೆ. ಎಲ್ಲವನ್ನೂ ಗೋಡೆಗೆ ಒರಗಿಸಿದರೆ ಸಂತೆಯಲ್ಲಿ ಮಡಕೆ ಇಟ್ಟ ಹಾಗಾಗುತ್ತದೆ. ಹೆಂಗಸರನ್ನು ಒಂದು ಕಡೆ ಗುಂಪಾಗಿ ಇಟ್ಟು ನೋಡಿದ, ಸರಿಬರಲಿಲ್ಲ. ವೀರನನ್ನು ಬಾಗಿಲಿಗೆ ತಂದ, ಬರುವವರಿಗೆ ತಲೆಯಿಲ್ಲದವನು ಎದುರಾದಂತಾಯಿತು. ವಾರಗಟ್ಟಲೆ ಸ್ವಂತ ಕೈಯಲ್ಲೇ ಹಾರೆ ಹಾಕಿ ಮೀಟಿ ಒಂದೊಂದು ಬೆರಳಷ್ಟು ಸರಿಸಿದ. ಬಸವ ಬಂದ ದಿನವೇ ಎಲ್ಲ ಕೂಡಿಬಂತು. ಅವನನ್ನು ನಡುವೆ, ತಗ್ಗಿನ ಪೀಠದ ಮೇಲೆ, ಸ್ವಲ್ಪ ಎಡಕ್ಕೆ ತಿರುಗಿಸಿ ಕೂರಿಸಿದೊಡನೆ ಉಳಿದವರೆಲ್ಲ ತಮ್ಮ ತಮ್ಮ ಜಾಗ ಗೊತ್ತಿದ್ದವರ ಹಾಗೆ ನಿಂತರು. ಅವತ್ತು ಚಂದ್ರಯ್ಯನ ಕಣ್ಣಲ್ಲಿ ನೀರು ಬಂದಿತ್ತು. ತಂದೆ ಹೋದಾಗ ಬಂದಿರಲಿಲ್ಲ. ಆಮೇಲೆ ಅಮಲ್ದಾರರು ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದರು, ಮೈಸೂರಲ್ಲೂ ಇಷ್ಟು ಚೆನ್ನಾಗಿ ಇಟ್ಟದ್ದನ್ನು ಕಾಣೆ ಎಂದರು. ಅಮಲ್ದಾರರ ಹೆಂಡತಿ ಮಾತ್ರ ಹೊಸ್ತಿಲು ದಾಟಲಿಲ್ಲ. ಗಂಗಾಂಬಿಕೆ ಹಿಡಿದ ಕುಂಕುಮದ ಬಟ್ಟಲಿಗೂ ಕೈ ಚಾಚದೆ, ತಡವಾಯಿತು ಎಂದು ಗಾಡಿ ಹತ್ತಿದರು. ಅಮಲ್ದಾರರ ಮಾತನ್ನು ಚಂದ್ರಯ್ಯ ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಅವರ ಹೆಂಡತಿಯ ವಿಷಯ ಹೇಳಲಿಲ್ಲ. ಮಂಡಿಯವರಿಗೆ ಅದೂ ಗೊತ್ತಾಗಿ, ಬೆನ್ನ ಹಿಂದೆ ಮುಕ್ಕ್‌ದೇವ್ರ ಸಾವ್ಕಾರ ಎಂದು ಹೆಸರಿಟ್ಟರು.

ಕುಣಿಯುವ ಹೆಂಗಸರ ಬಗ್ಗೆ ಗಂಗಾಂಬಿಕೆಗೆ ತಕರಾರಿರಲಿಲ್ಲ. ತವರೂರಿನ ದೊಡ್ಡ ದೇವಸ್ಥಾನದ ಜಗಲಿಯ ಮೇಲೆ ಅಂಥವರ ಕಾಲಡಿಯಲ್ಲೇ ಆಡಿ ಬೆಳೆದವಳು ಅವಳು. ಅವಳಿಗೆ ಸಹಿಸಲಾಗದಿದ್ದದ್ದು ಬಸವ. ಮೊದಲ ಮಗು ಹುಟ್ಟುವಾಗಲೇ ಸತ್ತಿತ್ತು. ಅದಕ್ಕೆ ಅವಳು ಯಾರನ್ನೂ ದೂರಲಿಲ್ಲ. ಎರಡನೆಯವನು ಅಂಬೆಗಾಲಿಡುತ್ತ ನೇರವಾಗಿ ಬಸವನ ಹತ್ತಿರ ಹೋಗುತ್ತಿದ್ದ, ಮುರಿದ ಮೂತಿಯ ತಗ್ಗಿನಲ್ಲಿ ಬೆರಳು ಹಾಕಿ ಗಲಗಲ ನಗುತ್ತಿದ್ದ. ಅವಳು ಓಡಿಬಂದು ಎತ್ತಿಕೊಂಡು, ಆ ಬೆರಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಇದೊಂದನ್ನು ತೆಗೆದುಬಿಡಿ, ಬಸವಣ್ಣ ಮುಖವಿಲ್ಲದೆ ಮನೆಯೊಳಗೆ ಕೂರಬಾರದು, ಉಳಿದದ್ದು ಏನಾದರೂ ಇಟ್ಟುಕೊಳ್ಳಿ ಎಂದಳು. ಒಂದೇ ಒಂದನ್ನು ಕೇಳಿದ್ದಳು. ಅದೊಂದನ್ನು ತೆಗೆದರೆ ಸಾಲೇ ಕೆಡುತ್ತದೆ ಎಂದು ಚಂದ್ರಯ್ಯ ಹೇಳಿದ. ಆ ಮಾತು ಇವತ್ತು ಪೂಜೆಯ ಮಣೆಯ ಮೇಲೆ ಕೂತವನಿಗೆ ತನ್ನದೇ ದನಿಯಲ್ಲಿ, ಎಷ್ಟು ಸಮಾಧಾನದಿಂದ ಹೇಳಿದ್ದೆನೋ ಅಷ್ಟೇ ಸಮಾಧಾನದಿಂದ, ಮತ್ತೆ ಕೇಳಿಸಿತು. ಹುಡುಗ ಹಲ್ಲು ಬರುವ ಹೊತ್ತಿನಲ್ಲಿ ಕೆಮ್ಮಿ ಕೆಮ್ಮಿ ಹೋದ. ಎಷ್ಟೋ ಮನೆಯ ಮಕ್ಕಳು ಆ ವರ್ಷ ಹಾಗೆ ಹೋದವು. ಅವರ ಮನೆಗಳಲ್ಲೇನು ಬಸವ ಇದ್ದನೇ? ಈ ಪ್ರಶ್ನೆಯನ್ನು ಅವನು ಕೇಳಿದ್ದು ತನ್ನನ್ನೇ. ಅವಳನ್ನು ಕೇಳುವ ಧೈರ್ಯ ಬರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿ ನಿಂತಾಗ ಗಂಗಾಂಬಿಕೆ ಒಂದನ್ನಲ್ಲ, ಎಲ್ಲವನ್ನೂ ಕೆರೆಗೆ ಹಾಕಬೇಕೆಂದಳು. ಹಾಕದೆ ಮಗುವನ್ನು ಈ ಹೊಸ್ತಿಲೊಳಗೆ ತರುವುದಿಲ್ಲ ಎಂದು ಹೇಳಿಯೇ ತವರಿಗೆ ಹೋದಳು.

ಕೊನೆಗೆ ಅವನು ಬಸವನನ್ನು ನಡುವಿನಲ್ಲಿ ಎತ್ತಿಸಿದ, ಮೊದಲೂ ಅಲ್ಲ ಕೊನೆಯೂ ಅಲ್ಲ, ತಾನು ಬೇರೆ ಕಡೆ ನೋಡುತ್ತಿರುವಾಗ. ಆಳುಗಳು ಗೋಣಿ ಸುತ್ತಿ, ಬಿದಿರಿಗೆ ಕಟ್ಟಿ, ಹೆಣ ಹೊತ್ತಂತೆ ಹೊತ್ತರು. ಕೆರೆ ಕಡೆಗಾ ಎಂದು ಸಣ್ಣಯ್ಯ ಕೇಳಿದ. ಹಿತ್ತಲಿಗೆ ಎಂದ ಚಂದ್ರಯ್ಯ. ಹಿತ್ತಲ ಮೂಲೆಯಲ್ಲಿ ತೆಂಗಿನ ಸಿಪ್ಪೆ ತುಂಬುವ ಕೊಟ್ಟಿಗೆಯಿತ್ತು, ಗಂಗಾಂಬಿಕೆ ಹಾವಿಗೆ ಹೆದರಿ ಆ ಕಡೆ ಕಾಲಿಡುತ್ತಿರಲಿಲ್ಲ. ಕೆರೆಗೆ ಹಾಕಿದರೆ ಹೋದದ್ದು ಹೋದಂತೆ. ಇಲ್ಲಿದ್ದರೆ ಮಗು ದೊಡ್ಡದಾಗಿ, ಅವಳ ಭಯ ಕಳೆದು, ಯಾವತ್ತಾದರೂ ಒಂದು ದಿನ ಮತ್ತೆ ತರಬಹುದು. ಇಷ್ಟು ಮಾತ್ರ ಅವನು ಮನಸ್ಸಿನಲ್ಲಿ ಹೇಳಿಕೊಂಡ. ಕೊಟ್ಟಿಗೆಯೊಳಗೆ ಕಲ್ಲುಗಳನ್ನು ಹೇಗೋ ಹಾಗೆ ಕೆಡವಲು ಹೊರಟವರನ್ನು ತಡೆದು, ವೀರನನ್ನು ಇಲ್ಲಿ, ಯಕ್ಷಿಯನ್ನು ಅಲ್ಲಿ, ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ, ಎನ್ನತೊಡಗಿದ. ಹೊಗೆಗಿಂಡಿಯಿಂದ ಬರುವ ಬೆಳಕು ಎಲ್ಲಿ ಬೀಳುತ್ತದೆಂದು ತಲೆಯೆತ್ತಿ ನೋಡಿದ. ದ್ಯಾವಯ್ಯ ಬೆವರೊರೆಸಿಕೊಂಡು, “ಮುಚ್ಚಾಕೋ ಕಲ್ಗೆ ಇಷ್ಟೊಂದು ಒಪ್ಪ ಯಾಕ್ ಬುದ್ದಿ,” ಎಂದ. ಚಂದ್ರಯ್ಯನಿಗೆ ಮುಖ ಬಿಸಿಯಾಯಿತು. ಸಿಪ್ಪೆ ಹಾಕಿ ಮುಚ್ಚಿ, ಯಾರಿಗೂ ಹೇಳಕೂಡದು ಎಂದು ಹೇಳಿ ಇಬ್ಬರನ್ನೂ ಕಳಿಸಿದ.

ಪಡಸಾಲೆಯನ್ನು ತಾನೇ ಗುಡಿಸಿದ. ಪೀಠಗಳಿದ್ದ ಕಡೆ ನೆಲ ಬಿಳಿಚಿಕೊಂಡಿತ್ತು. ಅಲ್ಲಿ ಚಾಪೆ ಹಾಸಿದ, ತೊಟ್ಟಿಲಿಗೆಂದು ತೊಲೆಗೆ ಹೊಸ ಹಗ್ಗ ಬಿಗಿದ. ಹಂಡೆಗೆ ನೀರು ತುಂಬಿಸಿ ಒಲೆ ಹಾಕಿಸಿದ. ಮಧ್ಯಾಹ್ನ ದಾಟಿತು. ಯುದ್ಧ ಬಂದ ಮೇಲೆ ಇದ್ದಿಲಿನಿಂದ ಓಡುವ ಬಸ್ಸು ದಾರಿಯಲ್ಲಿ ಎಲ್ಲಿ ನಿಲ್ಲುತ್ತದೋ ಹೇಳಲಾಗದೆಂದು ಮಾವ ಗಾಡಿಯನ್ನೇ ಕಟ್ಟಿಸುತ್ತೇನೆ ಎಂದಿದ್ದರು. ಎತ್ತು ನಿಧಾನ ಇರಬೇಕು. ಮಗು ಅತ್ತರೆ ಮರದ ನೆರಳಿಗೆ ನಿಲ್ಲಿಸಿರಬೇಕು. ಖಾಲಿ ಪಡಸಾಲೆಯಲ್ಲಿ ಕೂತವನಿಗೆ ನಿನ್ನೆ ಸಂಜೆ ನೆನಪಾಯಿತು. ಇವತ್ತಿಗೆ ಎಲ್ಲ ಮುಗಿಯುತ್ತದೆಂದು, ಸೀಮೆಎಣ್ಣೆ ಸಿಕ್ಕದ ಕಾಲದಲ್ಲಿ ಹರಳೆಣ್ಣೆಯ ದೀಪಗಳನ್ನೇ ಸಾಲಾಗಿ ಹಚ್ಚಿ, ಒಂದೊಂದು ಮೂರ್ತಿಯ ಕಾಲಬಳಿ ಇಟ್ಟು, ಕದ ಹಾಕಿಕೊಂಡು ನೋಡುತ್ತ ಕೂತಿದ್ದ. ಕೆಳಗಿನಿಂದ ಬಿದ್ದ ಬೆಳಕಿನಲ್ಲಿ ಬಸವನ ಮುರಿದ ಮೂತಿಯ ನೆರಳು ಗೋಡೆಯ ಮೇಲೆ ತುಂಬಿಕೊಂಡು, ಇಡೀ ಬಸವನಂತೆ ಕಂಡಿತ್ತು. ಎಷ್ಟು ಚೆನ್ನ ಎಂದು ಗಟ್ಟಿಯಾಗಿ ಹೇಳಿದ್ದ. ತನ್ನ ಜೀವನದಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಇದು ಎನ್ನಿಸಿತ್ತು. ಹೆಂಡತಿ, ಮಗು, ಆಣೆ, ಏನೂ ಆಗ ನೆನಪಿರಲಿಲ್ಲ.

ಗಾಡಿ ಬಂದಾಗ ಬಿಸಿಲು ಪೂರ್ತಿ ಇಳಿದಿತ್ತು. ಮೊದಲು ರುದ್ರಯ್ಯ ಇಳಿದ. ಆರತಿಗೆಂದು ಪಕ್ಕದ ಮನೆಯ ಹೆಂಗಸನ್ನು ಕರೆಯಲು ಹೊರಟ ಚಂದ್ರಯ್ಯನನ್ನು ಅವನು ತೋಳು ಹಿಡಿದು ನಿಲ್ಲಿಸಿದ. ಆಮೇಲೆ ಗಂಗಾಂಬಿಕೆ ಇಳಿದಳು. ಎರಡು ಕೈಯಲ್ಲೂ ಗಾಡಿಯ ಗೂಟ ಹಿಡಿದುಕೊಂಡು ಇಳಿದಳು. ಮಗು ಗಾಡಿಯೊಳಗೆ ಮಲಗಿರಬೇಕೆಂದು ಚಂದ್ರಯ್ಯ ಬಗ್ಗಿ ನೋಡಿದ. ಹುಲ್ಲಿನ ಮೇಲೆ ಜಮಖಾನ, ಒಂದು ಟ್ರಂಕು, ಒಂದು ತಂಬಿಗೆ. ರುದ್ರಯ್ಯ ನೆಲ ನೋಡುತ್ತ ಮಾತಾಡಿದ. “ನಿನ್ನೆ ದೀಪ ಅಚ್ಚೋ ವೊತ್ನಲ್ಲಿ ಮೈ ಬಿಸಿಯಾತು ಭಾವ. ಕೈಕಾಲು ಸೆಟ್ಕಂಡ್ವು. ಕೋಳಿ ಕೂಗೋಕ್ ಮುಂಚೆ ಓಗ್ಬುಡ್ತು. ಎಳೇ ಕೂಸು, ಇಟ್ಕೊಳ್ಳಂಗಿಲ್ಲ, ಬೆಳಿಗ್ಗೇನೇ ಮಣ್ಣು ಮಾಡಿದ್ವಿ. ಅಕ್ಕ ನಿಲ್ನಿಲ್ಲ. ಇವತ್ತು ಓಯ್ತೀನಿ ಅಂದಿದ್ದೆ, ಓಯ್ತೀನಿ ಅಂತ ಗಾಡಿ ಅತ್ತಿ ಕೂತ್ಬುಟ್ಲು.”

ಚಂದ್ರಯ್ಯನಿಗೆ ಮೊದಲು ಕೇಳಿಸಿದ್ದು ದೀಪ ಹಚ್ಚುವ ಹೊತ್ತು ಎಂಬ ಮಾತೊಂದೇ. ಅದು ಸುಳ್ಳು ನಂಟು, ಅಲ್ಲಿನ ಜ್ವರಕ್ಕೂ ಇಲ್ಲಿನ ದೀಪಕ್ಕೂ ಸಂಬಂಧವಿಲ್ಲ, ಕಲ್ಲು ಬರೀ ಕಲ್ಲು ಎಂದು ತಲೆ ತನ್ನಷ್ಟಕ್ಕೆ ತಾನು ಹೇಳುತ್ತಲೇ ಇತ್ತು. ಅಳು ಬರಬೇಕಿತ್ತು. ಬರಲಿಲ್ಲ. ಮಗುವನ್ನು ಅವನು ಸರಿಯಾಗಿ ಒಂದೇ ದಿನ ನೋಡಿದ್ದ. ಮುಖ ನೆನಪು ಮಾಡಿಕೊಳ್ಳಲು ಹೋದರೆ ತೊಟ್ಟಿಲ ಹಗ್ಗ, ಬಟ್ಟೆಯ ಗಂಟು, ಇಷ್ಟೇ ಬಂತು. ರುದ್ರಯ್ಯ ಎತ್ತು ಬಿಚ್ಚಲು ಹೋದ. ಗಂಗಾಂಬಿಕೆ ಯಾರನ್ನೂ ಕಾಯದೆ ಒಳಗೆ ನಡೆದಿದ್ದಳು.

ಅವಳು ಪಡಸಾಲೆಯ ನಡುವೆ ನಿಂತಿದ್ದಳು. ಗಾಜಿನ ಹೆಂಚುಗಳ ಕೆಳಗೆ ಇನ್ನೂ ಸ್ವಲ್ಪ ಬೆಳಕಿತ್ತು, ಅವಳ ಮುಖ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕುಪ್ಪಸದ ಮುಂಭಾಗ ಹಾಲಿನಿಂದ ಒದ್ದೆಯಾಗಿ, ಸೆರಗಿಗೂ ಹತ್ತಿತ್ತು. ಅದನ್ನು ಅವಳು ಮುಚ್ಚಿಕೊಂಡಿರಲಿಲ್ಲ. ಗೋಡೆಯಿಂದ ಗೋಡೆಗೆ ನಿಧಾನವಾಗಿ ನೋಡಿದಳು.

“ಎಲ್ಲಾನೂ ಆಕ್ಬುಟ್ರಾ?”

“ಎಲ್ಲಾನೂ.”

“ಬಸವಣ್ಣನ್ನೂ?”

“ಬಸವಣ್ಣನ್ನೂ. ಅವತ್ತೇ,” ಎಂದ ಚಂದ್ರಯ್ಯ. ಕೇಳದಿದ್ದ ಮಾತನ್ನು ತಾನಾಗಿಯೇ ಯಾಕೆ ಸೇರಿಸಿದೆನೋ ಅವನಿಗೆ ತಿಳಿಯಲಿಲ್ಲ.

ಅವಳು ತೊಲೆಗೆ ಬಿಗಿದ ಹೊಸ ಹಗ್ಗವನ್ನು ತಲೆಯೆತ್ತಿ ನೋಡಿದಳು. ಆಮೇಲೆ, ಯಾವುದೋ ಲೆಕ್ಕ ತೀರಿದವಳ ಹಾಗೆ, “ಅಂಗಾರೆ ಕಲ್ಗಳ್ದೇನೂ ತಪ್ಪಿಲ್ಲ,” ಎಂದಳು. “ನಂದೇಯ. ನನ್ನ ಹಾಲೇ ಆಗ್ಬರ್ನಿಲ್ಲ. ಮೂರು ಕೂಸ್ನೂ ನಾನೇ ತಿಂದ್ಕಂಡೆ.”

ಈಗ ಒಂದು ಮಾತು ಹೇಳಿದರೆ ಸಾಕು ಎಂದು ಚಂದ್ರಯ್ಯನಿಗೆ ಗೊತ್ತಿತ್ತು. ಅವು ಕೆರೆಗೆ ಹೋಗಿಲ್ಲ, ನಿನ್ನೆ ಸಂಜೆಯೂ ಇಲ್ಲೇ ಇದ್ದವು, ನಾನು ದೀಪ ಹಚ್ಚಿ ನೋಡುತ್ತ ಕೂತಿದ್ದೆ. ಅಷ್ಟು ಹೇಳಿದರೆ ಅವಳು ಅವನ ಮುಖಕ್ಕೆ ಉಗಿದು, ಬಿಚ್ಚಿದ ಎತ್ತನ್ನು ಮತ್ತೆ ಕಟ್ಟಿಸಿ ಹೊರಟುಹೋಗುತ್ತಾಳೆ. ಲಿಂಗ ಮುಟ್ಟಿ ಸುಳ್ಳಾಡಿದವನೆಂದು ನುಗ್ಗೇಹಳ್ಳಿಯೂ ಚನ್ನರಾಯಪಟ್ಟಣವೂ ಆಡಿಕೊಳ್ಳುತ್ತವೆ. ಆದರೆ ಅವಳು ಬದುಕಿಕೊಳ್ಳುತ್ತಾಳೆ. ದ್ವೇಷಿಸಲು ಅವಳಿಗೆ ಅವನಿರುತ್ತಾನೆ, ಅವಳ ಮೈ ಅವಳಿಗೆ ತಿರುಗಿ ಸಿಗುತ್ತದೆ. ಬಾಯಿ ತೆರೆದ. ತೆರೆದವನಿಗೆ ಆ ಕ್ಷಣದಲ್ಲಿ ಹೊಳೆದದ್ದು, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಮಾಡಿನ ಹೆಂಚನ್ನು ಕೈಯಾಡಿಸಬೇಕು, ಇಲ್ಲದಿದ್ದರೆ ನೀರು ಸೋರಿ ಕಲ್ಲಿಗೆಲ್ಲ ಪಾಚಿ ಕಟ್ಟುತ್ತದೆ ಎಂಬುದು. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಆ ಯೋಚನೆ ಹೋಗಲಿಲ್ಲ. ತೆರೆದ ಬಾಯಿಂದ, ನೀರು ಕಾದಿದೆ, ಕೈಕಾಲು ತೊಳೆದುಕೋ, ಎಂಬ ಮಾತು ಬಂತು.

ಗಂಗಾಂಬಿಕೆ ಕದಲಲಿಲ್ಲ. ತಿರುಗಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ಅವನು ಹೆದರಿದ್ದ ಯಾವುದೂ ಇರಲಿಲ್ಲ; ಅವನ ಮೇಲೆ ಮರುಕವಿತ್ತು. ಹತ್ತಿರ ಬಂದು, ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ಹಾಗೆ ಬಗ್ಗಿ ಅವನ ಪಾದ ಮುಟ್ಟಿದಳು.

“ಸುಮ್ಸುಮ್ಕೆ ನಿಮ್ಮ ಕಲ್ಲೆಲ್ಲಾ ನೀರಿಗೆ ಆಕುಸ್ಬುಟ್ಟೆ. ಎಷ್ಟು ಆಸೆಯಿಂದ ಜೋಡುಸ್ಕಂಡಿದ್ರಿ. ನನ್ನಿಂದ ತಪ್ಪಾತು.”

ಚಂದ್ರಯ್ಯ ಅವಳ ತಲೆಯ ಮೇಲೆ ಕೈಯಿಟ್ಟ.

“ಓಗ್ಲಿ ಬುಡು,” ಎಂದ.